ಒಬ್ಬರ ರೋಗ, ಇನ್ನೊಬ್ಬರ ಔಷಧಿ: ಹೊಸೂರು ಸೀಮೆಯ ಹುಳುಮನೆ ಮಾತಿನಲ್ಲಿ ಕೀಟ ಮತ್ತು ಸೂಕ್ಷ್ಮಜೀವಿ



ಗಡಿನಾಡಿನ ವೃತ್ತಿಪದಗಳ ಬಗ್ಗೆ ಈ ಸೆಮಿನಾರ್ ಇಟ್ಟಾಗ ನಾನು ಆರಿಸಿಕೊಂಡದ್ದು ಕೃಷ್ಣಗಿರಿ ಜಿಲ್ಲೆಯ ಹೊಸೂರು, ತಳಿ, ಕೆಲಮಂಗಲ, ದೇಂಕಣಿಕೋಟೆ ಕಡೆಯ ರೇಷ್ಮೆ ಮಾತು. ಪದ ಕೂಡಿಸಲು ಹೋದವಳು ಕೊನೆಗೆ ಹುಳು, ಬೂಷ್ಟು, ಬ್ಯಾಕ್ಟೀರಿಯಾಗಳ ನಡುವೆ ಸಿಕ್ಕಿಕೊಂಡೆ. ಅದು ಹೇಗಾಯಿತು ಎಂಬುದನ್ನು ಮೊದಲು ಹೇಳಿ, ಆಮೇಲೆ ಪದಗಳಿಗೆ ಬರುತ್ತೇನೆ.

1. ಒಂದು ಜಗಳ

ನಮ್ಮ ದೊಡ್ಡಮ್ಮನ ಮನೆಯಲ್ಲಿ ಹುಳ ಸಾಕುತ್ತಾರೆ. ಮೊಟ್ಟೆ ಒಡೆದು ಹುಳು ಬಂದಾಗಿನಿಂದ ಗೂಡು ಕಟ್ಟುವವರೆಗೆ ಸುಮಾರು 26-28 ದಿನ. ನಡುವೆ ನಾಲ್ಕು ಸಲ ಹುಳು ಪೊರೆ ಬಿಡುತ್ತದೆ. ಪ್ರತಿ ಸಲವೂ ಮೇವು ಬಿಟ್ಟು ಅಲುಗದೆ ಕೂರುವ ಆ ಸ್ಥಿತಿಗೆ ನಮ್ಮ ಕಡೆ "ಜ್ವರ" ಅಂತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ತಿನ್ನುವ ಸೊಪ್ಪು, ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು. ಅಂದರೆ ಖರ್ಚು, ದುಡಿಮೆ ಎಲ್ಲಾ ಕೊನೆಯ ವಾರದಲ್ಲಿ ಬೀಳುತ್ತದೆ. ಆ ವಾರದಲ್ಲಿ ಹುಳು ಹೋದರೆ ಬೆಳೆಯೇ ಹೋದಂತೆ.

ಒಂದು ಚಳಿಗಾಲದಲ್ಲಿ ಹಾಗೇ ಆಯಿತು. ಬೆಳಗ್ಗೆ ದೊಡ್ಡಮ್ಮ ಫೋನ್ ಮಾಡಿ, "ಹುಳ ಎಲ್ಲಾ ಸುಣ್ಣ ಕಟ್ಬಿಟ್ಟೈತೆ ಕಣಮ್ಮ" ಅಂದರು. ಹೋಗಿ ನೋಡಿದೆ. ಹುಳುಗಳು ಸತ್ತು ಸೆಟೆದು, ಮೈಮೇಲೆಲ್ಲ ಬಿಳಿ ಪುಡಿ ಹತ್ತಿ, ಸುಣ್ಣದ ಕಡ್ಡಿಗಳ ಹಾಗೆ ಬಿದ್ದಿದ್ದವು. ಕೈಲಿ ಮುರಿದರೆ ಪಟ್ ಅಂತ ಮುರಿಯುತ್ತಿದ್ದವು.

ಅದೇ ವಾರ ಪಕ್ಕದ ಹೊಲದವರು ಟೊಮ್ಯಾಟೊಗೆ "ಔಷಧಿ" ಹೊಡೆದಿದ್ದರು. ಖಾಲಿ ಪೊಟ್ಟಣ ಬದುವಿನ ಮೇಲೆ ಬಿದ್ದಿತ್ತು. ನಮ್ಮ ದೊಡ್ಡಪ್ಪನಿಗೆ ತಮಿಳು ಮಾತಾಡಲು ಬರುತ್ತೆ, ಓದಲು ಬರಲ್ಲ. ನಾನು ಅದರ ಮೇಲಿನ ಇಂಗ್ಲಿಷ್ ಓದಿದೆ: ಬ್ಯೂವೇರಿಯಾ ಬ್ಯಾಸಿಯಾನ, ಜೈವಿಕ ಕೀಟನಾಶಕ. ಫೋನಿನಲ್ಲಿ ಆ ಹೆಸರು ಹುಡುಕಿದರೆ, ರೇಷ್ಮೆಯ ಸುಣ್ಣಕಟ್ಟು ರೋಗಕ್ಕೆ ಕಾರಣವಾದ ಶಿಲೀಂಧ್ರವೂ ಅದೇ ಎಂದು ಬಂತು.

ಎರಡು ಮನೆಗಳ ನಡುವೆ ಮಾತು ನಿಂತುಹೋಯಿತು. ಪಕ್ಕದವರ ವಾದವೂ ಸುಳ್ಳಾಗಿರಲಿಲ್ಲ: "ಇದು ವಿಷ ಅಲ್ಲ, ಜೈವಿಕ, ಏನೂ ಆಗಲ್ಲ ಅಂತ ಹೇಳಿ ಕೊಟ್ಟವ್ರೆ." ಆ ಶಿಲೀಂಧ್ರ ಮಣ್ಣಿನಲ್ಲಿ ತಾನಾಗಿಯೂ ಇರುತ್ತದೆ, ತೇವದ ಚಳಿಗಾಲದಲ್ಲಿ ಯಾರೂ ಏನೂ ಹೊಡೆಯದಿದ್ದರೂ ಸುಣ್ಣಕಟ್ಟು ಬರುತ್ತದೆ. ಸತ್ತ ಹುಳುಗಳನ್ನು ಯಾರೂ ಪ್ರಯೋಗಾಲಯಕ್ಕೆ ಕಳಿಸಲಿಲ್ಲ; ರೋಗ ಹರಡದಿರಲಿ ಅಂತ ಅವತ್ತೇ ಸುಟ್ಟರು. ಆದ್ದರಿಂದ ಯಾರ ತಪ್ಪು ಅಂತ ನಾನು ಇಲ್ಲಿ ತೀರ್ಪು ಕೊಡುತ್ತಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಪ್ರಶ್ನೆ: ಒಂದೇ ಜೀವಿಗೆ ಬದುವಿನ ಈ ಕಡೆ "ರೋಗ" ಎಂದೂ ಆ ಕಡೆ "ಔಷಧಿ" ಎಂದೂ ಹೆಸರಿದ್ದಾಗ, ಆ ಎರಡೂ ಒಂದೇ ಎಂದು ತಿಳಿಸುವ ಪದ ನಮ್ಮ ಮಾತಿನಲ್ಲಿ ಯಾಕಿಲ್ಲ?

2. ನಾಲ್ಕು ರೋಗ, ನಾಲ್ಕು ಹೆಸರು

ರೇಷ್ಮೆಹುಳುವಿಗೆ ಮುಖ್ಯವಾಗಿ ನಾಲ್ಕು ರೋಗ. ಗಂಟು ರೋಗ, ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು. ಪುಸ್ತಕದಲ್ಲಿ ಇವು ಕ್ರಮವಾಗಿ ಪೆಬ್ರೈನ್, ಗ್ರಾಸರಿ, ಫ್ಲಾಚರಿ, ಮಸ್ಕರ್ಡೈನ್. ಕನ್ನಡದ ಹೆಸರುಗಳಲ್ಲಿ ಮೂರು ಕಣ್ಣಿಗೆ ಕಂಡದ್ದನ್ನೇ ಹೇಳುತ್ತವೆ: ಹುಳುವಿನ ಮೈ ಒಡೆದು ಸುರಿಯುವ ಹಾಲಿನಂಥ ದ್ರವ, ಕಳೆಗುಂದಿ ಜೋತುಬಿದ್ದ ಸಪ್ಪೆ ಮೈ, ಸುಣ್ಣದ ಬಿಳುಪು. ಪ್ರತಿಯೊಂದರ ಹಿಂದೆ ಬೇರೆ ಬೇರೆ ಸೂಕ್ಷ್ಮಜೀವಿ ಇದೆ, ಬೇರೆ ಬೇರೆ ಬದುಕುವ ದಾರಿ ಇದೆ.

ಸುಣ್ಣಕಟ್ಟಿನಿಂದಲೇ ಶುರು ಮಾಡೋಣ. ಇಟಲಿಯ ಲೋದಿ ಊರಿನ ಅಗೋಸ್ತಿನೊ ಬಾಸ್ಸಿ ಎಂಬವರು 1807ರಿಂದ ಈ ರೋಗದ ಬೆನ್ನು ಹತ್ತಿ, ಇದು ಹವೆಯಿಂದಲೋ ಸೊಪ್ಪಿನಿಂದಲೋ ತಾನಾಗಿ ಹುಟ್ಟುವುದಲ್ಲ, ಒಂದು ಶಿಲೀಂಧ್ರ ಹುಳುವಿನಿಂದ ಹುಳುವಿಗೆ ಹತ್ತಿ ಬರುವುದು ಎಂದು 1835ರಲ್ಲಿ ಪ್ರಕಟಿಸಿದರು. ಒಂದು ಪ್ರಾಣಿಯ ರೋಗಕ್ಕೆ ಸೂಕ್ಷ್ಮಜೀವಿ ಕಾರಣ ಎಂದು ಪ್ರಯೋಗದಿಂದ ತೋರಿಸಿದ ಮೊದಲ ಕೆಲಸ ಇದು. ಶಿಲೀಂಧ್ರದ ಹೆಸರಿನಲ್ಲಿರುವ "ಬ್ಯಾಸಿಯಾನ" ಅವರ ಹೆಸರೇ. ಇಟಲಿಯ ರೈತರು ಈ ರೋಗಕ್ಕೆ ಇಟ್ಟ ಹೆಸರುಗಳಲ್ಲಿ ಒಂದು "ಕಾಲ್ಚಿನೊ". ಅದರ ಮೂಲ "ಕಾಲ್ಚೆ", ಅಂದರೆ ಸುಣ್ಣ. ಒಬ್ಬರನ್ನೊಬ್ಬರು ಕಾಣದ ಎರಡು ಊರಿನ ರೈತರು ಒಂದೇ ರೋಗ ನೋಡಿ ಒಂದೇ ಹೋಲಿಕೆಗೆ ಬಂದಿದ್ದಾರೆ.

ಈ ಶಿಲೀಂಧ್ರವನ್ನು ಹುಳು ತಿನ್ನಬೇಕಾಗಿಲ್ಲ, ಅದರ ಬೀಜಕಣ ಮೈಗೆ ಅಂಟಿದರೆ ಸಾಕು. ತೇವ ಸಿಕ್ಕರೆ ಕಣ ಮೊಳೆತು, ಚರ್ಮದ ಕೈಟಿನ್ ಮತ್ತು ಪ್ರೋಟೀನನ್ನು ಕರಗಿಸುವ ಕಿಣ್ವಗಳನ್ನು ಬಿಟ್ಟು ಒಳಗೆ ಇಳಿಯುತ್ತದೆ. ಒಳಗಿನ ರಸದಲ್ಲಿ ಬೆಳೆದು ಹುಳುವನ್ನು ಕೊಂದು, ಸತ್ತ ಮೈ ಸೆಟೆದ ಮೇಲೆ ಹೊರಗೆ ಬಂದು ಬಿಳಿ ಪುಡಿಯಾಗುತ್ತದೆ. ಆ ಪುಡಿಯೇ ಮುಂದಿನ ಪೀಳಿಗೆ. ದೊಡ್ಡ ಹುಳುಗಳನ್ನು ಸಾಕಲು ಸುಮಾರು 24-25 ಡಿಗ್ರಿ ಸೆಲ್ಸಿಯಸ್ ಶಾಖ, ನೂರಕ್ಕೆ 70ರಷ್ಟು ತೇವ ಬೇಕು. ಚಾಕಿ ಹುಳುಗಳಿಗೆ ತೇವ ಇನ್ನೂ ಹೆಚ್ಚು. ಶಿಲೀಂಧ್ರಕ್ಕೂ ಇಷ್ಟೇ ಶಾಖ ಹಿತ. ಬಯಲಿನಲ್ಲಿ ಬಿಸಿಲಿಗೆ ಬೇಗ ಸಾಯುವ ಕಣಗಳಿಗೆ ನೆರಳಿನ ಹುಳುಮನೆ ಆಶ್ರಯವಾಗುತ್ತದೆ. ಹಾಸಿಗೆ ಒದ್ದೆಯಾಗದಂತೆ ಜ್ವರದ ಹೊತ್ತಿಗೆ ಸುಣ್ಣದ ಪುಡಿ ಉದುರಿಸುವುದು ಇದಕ್ಕೇ. ಸುಣ್ಣಕಟ್ಟಿಗೆ ಸುಣ್ಣವೇ ಒಂದು ತಡೆ.

ಗಂಟು ರೋಗದ ದಾರಿ ಇದಕ್ಕೆ ತೀರಾ ಉಲ್ಟಾ. ಅದರ ಸೂಕ್ಷ್ಮಜೀವಿ ನೋಸೆಮಾ ಬಾಂಬಿಸಿಸ್ ಸೊಪ್ಪಿನ ಮೂಲಕವೂ ಹತ್ತುತ್ತದೆ, ತಾಯಿ ಚಿಟ್ಟೆಯಿಂದ ಮೊಟ್ಟೆಗೂ ಇಳಿಯುತ್ತದೆ. ಇಲ್ಲಿ ವಿಕಾಸದ ಒಂದು ಲೆಕ್ಕ ಇದೆ. ಹೆಣದಿಂದ ಹರಡುವ ಶಿಲೀಂಧ್ರಕ್ಕೆ ಹುಳು ಬೇಗ ಸತ್ತಷ್ಟೂ ಲಾಭ. ಮೊಟ್ಟೆಯ ದಾರಿ ಹಿಡಿದ ಸೂಕ್ಷ್ಮಜೀವಿಗೆ ಮಾತ್ರ ತಾಯಿ ಮೊಟ್ಟೆಯಿಡುವವರೆಗೆ ಬದುಕಿರಲೇಬೇಕು. ಅದಕ್ಕೇ ಗಂಟು ರೋಗ ತಾಳ್ಮೆಯಿಂದ ಕಾಯುತ್ತದೆ, ಚೆನ್ನಾಗಿ ಕಾಣುವ ಚಿಟ್ಟೆಯಲ್ಲೂ ಅಡಗಿರುತ್ತದೆ. ಫ್ರಾನ್ಸಿನ ರೇಷ್ಮೆ ಮುಳುಗುತ್ತಿದ್ದಾಗ 1865ರಲ್ಲಿ ಲೂಯಿ ಪಾಸ್ಚರ್ ಆ ಸೀಮೆಗೆ ಹೋಗಿ, ಪ್ರತಿ ತಾಯಿಯ ಮೊಟ್ಟೆಯನ್ನೂ ಬೇರೆ ಬೇರೆ ಇಟ್ಟು, ತಾಯಿಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಕಂಡರೆ ಆ ಮೊಟ್ಟೆಗಳನ್ನು ನಾಶ ಮಾಡುವ ಪದ್ಧತಿ ತಂದರು. ಇವತ್ತೂ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ಇದೇ ತಾಯಿಚಿಟ್ಟೆ ಪರೀಕ್ಷೆ. ನಮ್ಮವರು ಕೇಳಿ ತರುವ "ರೋಗರಹಿತ ಮೊಟ್ಟೆ" ಎಂಬ ಮಾತಿನ ಹಿಂದಿರುವುದು ಈ ಪರೀಕ್ಷೆ.

ಹಾಲುತೊಂಡೆ ವೈರಸ್ಸಿನ ಕೆಲಸ. ಹುಳು ಊದಿ, ಒಂದು ಕಡೆ ನಿಲ್ಲದೆ ತಟ್ಟೆಯ ಅಂಚಿನಲ್ಲಿ ಸುತ್ತುತ್ತದೆ. "ಹುಳಕ್ಕೆ ಹುಚ್ಚು ಹಿಡಿದಂಗೆ ಓಡಾಡ್ತದೆ" ಅಂತ ದೊಡ್ಡಮ್ಮ ಹೇಳುವುದು ಕೇಳಿದ್ದೆ. 2005ರಲ್ಲಿ ಪ್ರಕಟವಾದ ಒಂದು ಸಂಶೋಧನೆ, ಈ ಓಡಾಟಕ್ಕೆ ವೈರಸ್ಸಿನದೇ ಒಂದು ಜೀನ್ ಕಾರಣ ಎಂದು ತೋರಿಸಿತು. ಆ ಜೀನ್ ತೆಗೆದ ವೈರಸ್ ಹತ್ತಿದ ಹುಳುಗಳು ಅಷ್ಟು ಓಡಾಡಲಿಲ್ಲ. ಹುಳು ಓಡಾಡಿದಷ್ಟೂ, ಅದರ ಮೈಯ ಹಾಲು ಬಿದ್ದಷ್ಟೂ ಜಾಗದಲ್ಲಿ ವೈರಸ್ ಹರಡುತ್ತದೆ. ಹುಚ್ಚು ಹುಳುವಿನದಲ್ಲ ಅಂದಂತಾಯಿತು.

ಸಪ್ಪೆ ರೋಗಕ್ಕೆ ಒಂದಕ್ಕಿಂತ ಹೆಚ್ಚು ಕಾರಣಗಳಿವೆ. ಅವುಗಳಲ್ಲಿ ಒಂದು ಇಡೀ ಜಗತ್ತಿಗೆ ಪರಿಚಯವಾಗಿದೆ. 1901ರಲ್ಲಿ ಜಪಾನಿನ ಇಶಿವಾತಾ, ರೇಷ್ಮೆಹುಳು ಇದ್ದಕ್ಕಿದ್ದಂತೆ ಕುಸಿದು ಸಾಯುವ "ಸೊತ್ತೊ" ರೋಗದಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಹತ್ತು ವರ್ಷದ ಮೇಲೆ ಜರ್ಮನಿಯ ಬರ್ಲಿನರ್ ಅದೇ ಬಗೆಯದನ್ನು ಹಿಟ್ಟಿನ ಪತಂಗದ ಮರಿಯಲ್ಲಿ ಕಂಡು, ತುರಿಂಗಿಯಾ ಪ್ರಾಂತ್ಯದ ಹೆಸರನ್ನು ಸೇರಿಸಿ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂದು ಕರೆದರು. ಬಿಟಿ ಹತ್ತಿಯ ಬಿಟಿ ಇದೇ. ಅಂದರೆ ಬಿಟಿಯ ಚರಿತ್ರೆ ಶುರುವಾಗುವುದು ಒಂದು ಹುಳುಮನೆಯ ನಷ್ಟದಿಂದ.

3. ಔಷಧಿಯಾದ ರೋಗ

ಹುಳುಮನೆಯಲ್ಲಿ ಶಾಪವಾದದ್ದು ಹೊಲದಲ್ಲಿ ವರವಾಗಬಹುದಲ್ಲ ಎಂಬ ಯೋಚನೆಯೂ ಹಳೆಯದೇ. ರಷ್ಯಾದ ಮೆಚ್ನಿಕಾಫ್ 1879ರಲ್ಲಿ ಗೋಧಿಯ ದುಂಬಿಗೆ ಹತ್ತುವ ಮೆಟಾರೈಜಿಯಮ್ ಎಂಬ ಹಸಿರು ಶಿಲೀಂಧ್ರವನ್ನು ಬೆಳೆಸಿ ಕೀಟದ ಮೇಲೆ ಬಿಡಬಹುದು ಎಂದರು. 1938ರ ಹೊತ್ತಿಗೆ ಫ್ರಾನ್ಸಿನಲ್ಲಿ ಬಿಟಿ ಪುಡಿ ಮಾರಾಟಕ್ಕೆ ಬಂತು. ಇವತ್ತು ನಮ್ಮ ಹೊಸೂರು ಕಡೆಯ ಎಲೆಕೋಸು, ಟೊಮ್ಯಾಟೊ, ದಪ್ಪ ಮೆಣಸಿನಕಾಯಿ ಬೆಳೆಗಾರರಿಗೆ ಸಿಗುವ "ಜೈವಿಕ" ಪೊಟ್ಟಣಗಳಲ್ಲಿ ಮುಖ್ಯವಾಗಿ ಮೂರು ಬಗೆ: ಬ್ಯೂವೇರಿಯಾದಂಥ ಶಿಲೀಂಧ್ರ, ಬಿಟಿ ಬ್ಯಾಕ್ಟೀರಿಯಾ, ಎನ್‌ಪಿವಿ ವೈರಸ್.

ಮೂರೂ ಜೈವಿಕವೇ ಆದರೂ ರೇಷ್ಮೆಯ ಕಣ್ಣಿನಿಂದ ಮೂರೂ ಒಂದೇ ಅಲ್ಲ. ಟೊಮ್ಯಾಟೊ ಕಾಯಿಕೊರಕಕ್ಕೆ ಹೊಡೆಯುವ ಎನ್‌ಪಿವಿ, ಹಾಲುತೊಂಡೆ ವೈರಸ್ಸಿನ ದಾಯಾದಿಯಾದರೂ ಆ ಕೀಟದ ಗುಂಪನ್ನು ಬಿಟ್ಟು ರೇಷ್ಮೆಹುಳುವಿಗೆ ಹತ್ತುವುದಿಲ್ಲ. ಅದರ ಅಳತೆಯೂ ವಿಚಿತ್ರ: ಲೀಟರಿನಲ್ಲಲ್ಲ, ಹುಳುವಿನ ಲೆಕ್ಕದಲ್ಲಿ. ವೈರಸ್ಸಿನಿಂದ ಸತ್ತ ಒಂದು ಬಲಿತ ಹುಳುವಿನಲ್ಲಿ ಸಿಗುವ ಸುಮಾರು 600 ಕೋಟಿ ಕಣಗಳು ಒಂದು ಮಾನ. ಹೆಕ್ಟೇರಿಗೆ 250 ಹುಳು-ಮಾನ ಎಂಬುದು ರೂಢಿಯ ಶಿಫಾರಸು. ಬ್ಯೂವೇರಿಯಾ ಮಾತ್ರ ಹಾಗಲ್ಲ. ನೂರಾರು ಬಗೆಯ ಕೀಟಗಳಿಗೆ ಹತ್ತುತ್ತದೆ. ಅದರ ಎಲ್ಲ ತಳಿಗಳೂ ರೇಷ್ಮೆಗೆ ಒಂದೇ ಸಮ ಮಾರಕವಲ್ಲ, ಆದರೆ ಪೊಟ್ಟಣದ ಹೊರಗಿನಿಂದ ಯಾರಿಗೂ ಅದು ಗೊತ್ತಾಗುವುದಿಲ್ಲ. ಎಲೆಕೋಸಿಗೆ ಹೊಡೆಯುವ ಬಿಟಿ ಪತಂಗದ ಮರಿಗಳನ್ನು ಕೊಲ್ಲಲೆಂದೇ ಇರುವುದು; ರೇಷ್ಮೆಹುಳುವೂ ಪತಂಗದ ಮರಿಯೇ. ಗಾಳಿಯಲ್ಲಿ ತೇಲಿ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ, ಬೆಳಗ್ಗೆ ಕೊಯ್ದ ಮೇವಿನ ಜೊತೆ ಅದು ಹುಳುಮನೆ ಸೇರುತ್ತದೆ.

ಈಗ ಭಾಷೆಗೆ ಬರುತ್ತೇನೆ. ನಮ್ಮ ಹಳ್ಳಿಯಲ್ಲಿ ಮೂರು ಭಾಷೆ ಇದೆ. ಕನ್ನಡದಲ್ಲಿ "ಔಷಧಿ ಹೊಡೆಯೋದು", ತಮಿಳಿನಲ್ಲಿ "ಪೂಚ್ಚಿ ಮರುಂದು", ತೆಲುಗಿನಲ್ಲಿ "ಪುರುಗುಲ ಮಂದು". ಮೂರರಲ್ಲೂ ಕೀಟನಾಶಕ ಎಂದರೆ ಮದ್ದು. ಬೆಳೆಗೆ ರೋಗ, ಅದಕ್ಕೆ ಮದ್ದು ಎಂಬ ಈ ಚಿತ್ರದಲ್ಲಿ ಸಾಯುವ ಕೀಟದ ಕಡೆಯಿಂದ ಯಾರೂ ನೋಡುವುದಿಲ್ಲ. ಅದರ ಮೇಲೆ "ಜೈವಿಕ" ಎಂಬ ಪದ ಬಂದು ಕೂತಿತು. ಜೀವ ಎಂಬುದು ನಮ್ಮ ಕಿವಿಗೆ ಒಳ್ಳೆಯ ಮಾತು. ಹಾಗಾಗಿ "ಜೈವಿಕ ಔಷಧಿ" ಎಂದರೆ ಯಾರಿಗೂ ಏನೂ ಮಾಡದ ಔಷಧಿ ಎಂದಾಯಿತು. ಆದರೆ ಅದು ಜೀವಂತವಾಗಿದೆ ಎಂಬುದೇ ಇಲ್ಲಿ ಎಚ್ಚರಿಕೆಯ ವಿಷಯ. ರಾಸಾಯನಿಕ ಬಿದ್ದ ಜಾಗದಲ್ಲಿ ಕರಗುತ್ತಾ ಹೋಗುತ್ತದೆ. ಶಿಲೀಂಧ್ರ ಅನುಕೂಲ ಸಿಕ್ಕ ಜಾಗದಲ್ಲಿ ಹೆಚ್ಚುತ್ತಾ ಹೋಗುತ್ತದೆ.

4. ಕೀಟವೂ ಕಲಿಯುತ್ತದೆ

ಇನ್ನೊಂದು ತಪ್ಪು ತಿಳಿವಳಿಕೆ, ಜೈವಿಕಕ್ಕೆ ಕೀಟ ಒಗ್ಗಿಕೊಳ್ಳುವುದಿಲ್ಲ ಎಂಬುದು. ಬಿಟಿಯ ವಿಷ-ಪ್ರೋಟೀನು ಪತಂಗದ ಮರಿಯ ಕರುಳಿನ ಕ್ಷಾರದಲ್ಲಿ ಕರಗಿ, ಅಲ್ಲಿನ ಕಿಣ್ವದಿಂದ ಕತ್ತರಿಸಲ್ಪಟ್ಟು, ಕರುಳಿನ ಗೋಡೆಯ ಕೆಲವು ಗ್ರಾಹಕಗಳಿಗೆ ಕೀಲಿಯಂತೆ ಸೇರಿ ತೂತು ಕೊರೆಯುತ್ತದೆ. ಬೀಗ ಬದಲಾದರೆ ಕೀಲಿ ಕೆಲಸ ಮಾಡುವುದಿಲ್ಲ. ಹೊಲದಲ್ಲಿ ಬಿಟಿ ಸಿಂಪಡಣೆಗೆ ಮೊದಲು ಒಗ್ಗಿಕೊಂಡ ಕೀಟ ನಮ್ಮ ಎಲೆಕೋಸಿನ ವಜ್ರಬೆನ್ನಿನ ಪತಂಗ. ಹವಾಯಿ ದ್ವೀಪದಿಂದ 1990ರಲ್ಲಿ ವರದಿಯಾಯಿತು. ಅದರ ಒಂದು ತಲೆಮಾರು ಎರಡು ಮೂರು ವಾರದಲ್ಲೇ ಮುಗಿಯುವುದರಿಂದ ವರ್ಷಕ್ಕೆ ಹಲವು ತಲೆಮಾರು. ಪ್ರತಿ ವಾರ ಹೊಡೆದರೆ ಒಗ್ಗದವು ಸತ್ತು, ಒಗ್ಗಿದವು ಮಾತ್ರ ಉಳಿದು ಮರಿ ಮಾಡುತ್ತವೆ. ಭಾರತದಲ್ಲಿ 2002ರಲ್ಲಿ ಬಂದ ಬಿಟಿ ಹತ್ತಿಗೆ ಗುಲಾಬಿ ಕಾಯಿಕೊರಕ ಒಗ್ಗಿಕೊಂಡದ್ದೂ ಹೀಗೆಯೇ.

ಬೀಗ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಸಾಕ್ಷಿ ಹೇಳಿದ್ದು ಮತ್ತೆ ರೇಷ್ಮೆಹುಳುವೇ. ಬಿಟಿಯ ಒಂದು ವಿಷಕ್ಕೆ ಜಗ್ಗದ ರೇಷ್ಮೆ ತಳಿಗಳಿವೆ. ಅವುಗಳ ಒಂದು ಗ್ರಾಹಕ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಹೆಚ್ಚಾಗಿ ಸೇರಿರುವುದೇ ಇದಕ್ಕೆ ಕಾರಣ ಎಂದು 2012ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಅದೇ ಗ್ರಾಹಕದ ಜೀನಿನ ಬದಲಾವಣೆ ವಜ್ರಬೆನ್ನಿನ ಪತಂಗದಲ್ಲೂ ಕಂಡಿದೆ. ಹೊಸೂರಿನಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ಜನನದ್ರವ್ಯ ಕೇಂದ್ರ ಇದೆ. ಹುಳು ಮತ್ತು ಹಿಪ್ಪುನೇರಳೆ ಎರಡರ ಹಳೆಯ, ಹೊಸ ತಳಿಗಳನ್ನೂ ಅಲ್ಲಿ ಉಳಿಸಿಕೊಂಡು ಬರುತ್ತಾರೆ. ಹೆಚ್ಚು ಗೂಡು ಕೊಡುವ ದ್ವಿತಳಿಗಳು ನಾಜೂಕು. ಹಸಿರು-ಹಳದಿ ಗೂಡಿನ ಮೈಸೂರು ತಳಿ ಕಡಿಮೆ ರೇಷ್ಮೆ ಕೊಟ್ಟರೂ ಗಟ್ಟಿ. ಅಂಥ ತಳಿ ಕಳೆದುಹೋದರೆ ರೋಗದ ಎದುರು ನಿಲ್ಲುವ ಬೀಗಗಳೂ ಕಳೆದುಹೋಗುತ್ತವೆ.

ಕೀಟ ಒಬ್ಬಂಟಿಯಾಗಿಯೂ ಕಲಿಯುವುದಿಲ್ಲ. ಅವರೆ, ಸೋಯಾಗಳಂಥ ಕಾಯಿಗಳ ರಸ ಹೀರುವ ರಿಪ್ಟಾರ್ಟಸ್ ಎಂಬ ತಿಗಣೆ ಜಾತಿಯ ಕೀಟ ಇದೆ. ಅದರ ಮರಿ ಪ್ರತಿ ತಲೆಮಾರಿನಲ್ಲೂ ಮಣ್ಣಿನಿಂದ ಒಂದು ಬ್ಯಾಕ್ಟೀರಿಯಾವನ್ನು ಹೊಟ್ಟೆಗೆ ಸೇರಿಸಿಕೊಳ್ಳುತ್ತದೆ. ಫೆನಿಟ್ರೊಥಿಯಾನ್ ಎಂಬ ಕೀಟನಾಶಕವನ್ನು ಮತ್ತೆ ಮತ್ತೆ ಹಾಕಿದ ಮಣ್ಣಿನಲ್ಲಿ ಅದನ್ನು ಒಡೆದು ತಿನ್ನುವ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ. ಅವನ್ನು ಒಳಗಿಟ್ಟುಕೊಂಡ ತಿಗಣೆಗೆ ಆ ವಿಷ ತಾಕುವುದಿಲ್ಲ ಎಂದು 2012ರಲ್ಲಿಯೇ ಜಪಾನಿನಲ್ಲಿ ಕಂಡುಕೊಂಡರು. ಕೀಟ ತಾನು ಬದಲಾಗದೆ, ಬದಲಾದ ಬ್ಯಾಕ್ಟೀರಿಯಾವನ್ನು ಜೊತೆಗಿಟ್ಟುಕೊಂಡು ಗೆದ್ದಿತು. ನಾವು "ಹುಳ" ಎಂದು ಒಂದು ಪದದಲ್ಲಿ ಕರೆಯುವುದು ಒಂದೇ ಜೀವ ಅಲ್ಲ.

5. ಚರ್ಚೆಯಿಂದ

ಪ್ರಬಂಧದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಒಬ್ಬ ಗೆಳತಿ ಕೇಳಿದರು: "ಹಾಗಾದ್ರೆ ರಾಸಾಯನಿಕವೇ ವಾಸಿ ಅಂತೀಯಾ?"

ಇಲ್ಲ. ರಾಸಾಯನಿಕ ತಾಗಿದ ಸೊಪ್ಪು ತಿಂದರೂ ರೇಷ್ಮೆಹುಳು ಸಾಯುತ್ತದೆ. ಹಿಪ್ಪುನೇರಳೆ ತೋಟಕ್ಕೆ ಜೀವದಿಂದಲೇ ಜೀವವನ್ನು ತಡೆಯುವ ದಾರಿ ಬೇಕೇ ಬೇಕು. 2008ರ ನಂತರ ತಮಿಳುನಾಡಿನ ಪಪ್ಪಾಯ, ಹಿಪ್ಪುನೇರಳೆಗಳನ್ನು ಹಾಳುಮಾಡಿದ ಪಪ್ಪಾಯ ಬಿಳಿ ಹಿಟ್ಟುತಿಗಣೆಯನ್ನು ಹತೋಟಿಗೆ ತಂದದ್ದು 2010ರಲ್ಲಿ ಹೊರದೇಶದಿಂದ ತಂದು ಬಿಟ್ಟ ಅಸೆರೊಫೇಗಸ್ ಪಪಾಯೆ ಎಂಬ ಪುಟ್ಟ ಕಣಜ. ಅದು ಹಿಟ್ಟುತಿಗಣೆಯಲ್ಲಿ ಬಿಟ್ಟು ಬೇರೆಡೆ ಮೊಟ್ಟೆಯಿಡುವಂಥದ್ದಲ್ಲ, ರೇಷ್ಮೆಹುಳುವಿನ ತಂಟೆಗೆ ಬರುವುದಿಲ್ಲ. ಎಲೆಕೋಸಿಗೆ ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೇಳಿಕೊಟ್ಟ ಕ್ರಮ ಇದೆ: 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ, ಪತಂಗ ಸಾಸಿವೆಗೆ ಹೋಗುತ್ತದೆ. ಟೊಮ್ಯಾಟೊ ಕಾಯಿಕೊರಕಕ್ಕೆ ಬ್ಯೂವೇರಿಯಾ ಬದಲು ಎನ್‌ಪಿವಿ ಆರಿಸಬಹುದು. ಹಾಗಾಗಿ ಜೈವಿಕವೋ ರಾಸಾಯನಿಕವೋ ಎಂಬಲ್ಲಿಗೆ ಪ್ರಶ್ನೆ ಮುಗಿಯುವುದಿಲ್ಲ. ಯಾವ ಜೀವಿ, ಯಾರಿಗೆಲ್ಲ ಹತ್ತುತ್ತದೆ, ಪಕ್ಕದ ಹೊಲದಲ್ಲಿ ಏನಿದೆ ಎಂದು ಕೇಳಬೇಕು.

ಅಧ್ಯಾಪಕರೊಬ್ಬರು ಕೇಳಿದರು: "ಇದೆಲ್ಲ ಸರಿ, ಇದರಲ್ಲಿ ಕನ್ನಡ ವಿಭಾಗದ ಕೆಲಸ ಏನಮ್ಮ?"

ಸರ್, ಆ ಪೊಟ್ಟಣದ ಮೇಲೆ ಶಿಲೀಂಧ್ರದ ಹೆಸರು ಸರಿಯಾಗಿಯೇ ಇತ್ತು. ದೊಡ್ಡಮ್ಮನಿಗೆ ರೋಗದ ಹೆಸರೂ ಸರಿಯಾಗಿಯೇ ಗೊತ್ತಿತ್ತು. ಎರಡನ್ನೂ ಜೋಡಿಸುವ ಒಂದು ವಾಕ್ಯ ಯಾವ ಭಾಷೆಯಲ್ಲೂ ಆ ಬದುವಿನ ಮೇಲೆ ಇರಲಿಲ್ಲ. ಮಾರುವವರಿಗೆ "ಸುಣ್ಣಕಟ್ಟು" ಗೊತ್ತಿಲ್ಲ, ಸಾಕುವವರಿಗೆ "ಬ್ಯೂವೇರಿಯಾ" ಗೊತ್ತಿಲ್ಲ. ಪದಕೋಶ ಮಾಡುವಾಗ ನಾವು ಸಾಮಾನ್ಯವಾಗಿ ಪದ, ಅರ್ಥ, ಒಂದು ಪ್ರಯೋಗ ಕೊಟ್ಟು ಮುಂದೆ ಹೋಗುತ್ತೇವೆ. ಗಡಿನಾಡಿನ ಮೂರು ಭಾಷೆಯ ಹಳ್ಳಿಗೆ ಅಷ್ಟು ಸಾಲದು ಅನ್ನಿಸುತ್ತೆ. ನನ್ನ ಪಟ್ಟಿಯಲ್ಲಿ ಈಗ ಒಂದು ನಮೂದು ಹೀಗಿದೆ, ತಪ್ಪಿದ್ದರೆ ತಿದ್ದಿ.

ಸುಣ್ಣಕಟ್ಟು: ರೇಷ್ಮೆಹುಳು ಸತ್ತು ಸೆಟೆದು ಮೈ ಬೆಳ್ಳಗಾಗುವ ರೋಗ. ಕಾರಣ, ಬ್ಯೂವೇರಿಯಾ ಬ್ಯಾಸಿಯಾನ ಎಂಬ ಶಿಲೀಂಧ್ರ. ತೇವ, ಚಳಿಯ ದಿನಗಳಲ್ಲಿ ಹೆಚ್ಚು. ಟೊಮ್ಯಾಟೊ, ಕೋಸು ಮುಂತಾದವಕ್ಕೆ ಹೊಡೆಯುವ ಜೈವಿಕ ಔಷಧಿಯಾಗಿ ಇದೇ ಶಿಲೀಂಧ್ರ ಅಂಗಡಿಯಲ್ಲಿ ಸಿಗುತ್ತದೆ. ಪಕ್ಕದಲ್ಲಿ ಹಿಪ್ಪುನೇರಳೆ ಇದ್ದರೆ ಹೊಡೆಯಬೇಡಿ. ಹೊಡೆಯಲೇಬೇಕಾದರೆ ಮೊದಲು ಹುಳ ಸಾಕುವವರಿಗೆ ಹೇಳಿ.

ಕಳೆದ ತಿಂಗಳು ಈ ನಮೂದನ್ನು ಪಕ್ಕದ ಹೊಲದ ಅಣ್ಣನಿಗೆ ತಮಿಳಿನಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಇದನ್ನ ಆ ಅಂಗಡಿಯೋನಿಗೂ ಒಂದು ಬರ್ಕೊಡಮ್ಮ" ಅಂದರು. ಬರೆದುಕೊಟ್ಟಿದ್ದೇನೆ.